ದಾದಾಪೀರ್ ಸಾಹೇಬರು ಕೇಳಿದ ಮಾತು

ದಾದಾಪೀರ್ ಸಾಹೇಬರ ಹುಬ್ಬು, ರೆಪ್ಪೆ, ಕಿವಿಯಂಚಿನ ಕೂದಲು, ಎಲ್ಲಕ್ಕೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ನಿಜಕ್ಕೂ ಅವರಿಗೆ ಎಷ್ಟು ವಯಸ್ಸೋ ನಮಗಾರಿಗೂ ಗೊತ್ತಿರಲಿಲ್ಲ. ನಲ್ಲಿಯ ಕೆಳಗೆ ಮುಖ ತೊಳೆದು ಬಂದರೆ ಹತ್ತು ವರ್ಷ ಚಿಕ್ಕವರು. ಮತ್ತೆ ಕೆಲಸಕ್ಕೆ ಕೂತ ಅರ್ಧ ಗಂಟೆಗೆ ಮುದುಕರು.

ಎಪ್ಪತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಾವು ನಲವತ್ತು ಹುಡುಗರು ಒಂದು ಹಾಸ್ಟೆಲಿನಲ್ಲಿದ್ದೆವು. ಪ್ರತಿ ಬೇಸಿಗೆ, ಮಳೆಗೆ ಮೊದಲು, ನಮ್ಮ ಗಾದಿಗಳನ್ನು ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯಲು ಸಾಹೇಬರು ಹರಿಹರದಿಂದ ಬರುತ್ತಿದ್ದರು. ಹೆಗಲ ಮೇಲೆ ಹತ್ತಿ ಹಿಂಜುವ ಆಳೆತ್ತರದ ಬಿಲ್ಲು. ಬಸ್ಸಿನಲ್ಲಿ ಅದಕ್ಕಾಗಿ ದಿನವೂ ಜಗಳ. "ಇದ್ಕೂ ಅರ್ಧ ಟಿಕೀಟ್ ತಗೋರಿ" ಎಂದ ಕಂಡಕ್ಟರ್‌ಗೆ, "ತಗೋತೀನಿ, ಮೊದ್ಲು ಇದ್ನ ಸೀಟಿನ ಮ್ಯಾಲೆ ಕೂಡ್ರಿಸ್ರಿ ನೋಡಾನ" ಎಂದು ಬಿಲ್ಲನ್ನು ಅವನ ಕೈಗೇ ಕೊಟ್ಟುಬಿಟ್ಟರಂತೆ.

ಹಿತ್ತಲಿನ ಬೇವಿನ ಮರದ ಕೆಳಗೆ ಬಿಲ್ಲು ಝುಮ್ಮೆನ್ನತೊಡಗಿದರೆ ನಾವು ಪುಸ್ತಕ ಮುಚ್ಚಿ ಸುತ್ತ ನೆರೆಯುತ್ತಿದ್ದೆವು. ಹತ್ತಿಗಿಂತ ಹೆಚ್ಚಾಗಿ ಅವರ ಬಾಯಿಗಾಗಿ. ಬಿಚ್ಚಿದ ಗಾದಿ ನೋಡಿಯೇ ಒಡೆಯನ ಜಾತಕ ಹೇಳುವರು.

"ಯಾರ್ದೋ ತಮ್ಮಾ ಇದು? ಒಳಗೆ ಮಂಡಕ್ಕಿ ಅಂಗಡಿನೇ ಐತಲ್ಲೋ!"

"ಈ ಮಾರಾಯ ಕುಂತೇ ನಿದ್ದಿ ಮಾಡ್ತಾನ. ತಲೆ ಕಡೆ ಹತ್ತಿ ಹೊಸದೈತೆ, ಸೊಂಟದ ಕಡೆ ಹಪ್ಪಳ ಆಗೇತಿ."

ಒಮ್ಮೆ ಒಂದು ಗಾದಿಯ ಹೊಲಿಗೆಯೊಳಗಿಂದ ಮಡಿಸಿದ ಪತ್ರ ಬಿತ್ತು. ನಾವೆಲ್ಲ ಹೋ ಎಂದೆವು. ಸಾಹೇಬರು ಅದನ್ನು ನೋಡದೆ ಜೇಬಿಗೆ ಹಾಕಿಕೊಂಡರು. ಸಂಜೆ ಆ ಹುಡುಗನನ್ನು ಪಕ್ಕಕ್ಕೆ ಕರೆದು, "ಹಿಂಜಿಬಿಡ್ತಿದ್ನಲ್ಲೋ. ಬ್ಯಾರೆ ಜಾಗ ನೋಡ್ಕೋ" ಎಂದರಂತೆ.

ಮುಂದಿನದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗಲೆಲ್ಲ ಸಾಹೇಬರು ಮುಟ್ಟಿದ್ದರಲ್ಲೇ ಎಲ್ಲ ತಿಳಿಯುವ ಸಂತರಾಗುತ್ತಾರೆ, ನಾನು ಗೆಳೆಯನಿಗಾಗಿ ಮರುಗುವವನಾಗುತ್ತೇನೆ. ಎರಡೂ ಸುಳ್ಳು. ಸಾಹೇಬರು ಮೊದಲು ತಪ್ಪು ಹುಡುಗನನ್ನು ಕೇಳಿದರು. ಆ ಹುಡುಗ ನಾನು.

ನನ್ನ ಕೋಣೆಯಲ್ಲಿ ಆನಗೋಡಿನ ರುದ್ರೇಶನಿದ್ದ. ಮೊದಲ ವರ್ಷ ನಮ್ಮನ್ನೆಲ್ಲ ನಗಿಸಿದವನು ಎರಡನೇ ವರ್ಷ ಮಾತು ಬಿಟ್ಟ, ಆಮೇಲೆ ಕ್ಲಾಸು ಬಿಟ್ಟ, ಆಮೇಲೆ ಊಟ. ನಾವು 'ಕುಂಭಕರ್ಣ' ಎಂದು ಹೆಸರಿಟ್ಟೆವು. ಆ ಹೆಸರಿಟ್ಟವನು ನಾನೇ ಎಂದು ರುದ್ರೇಶ ಹೇಳುತ್ತಾನೆ. ನನಗೆ ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಅನುಕೂಲವೂ ಹೌದು.

ಅಂದು ಬೆಳಿಗ್ಗೆ, ಗಾದಿ ಕೆಳಗೆ ಒಯ್ಯಬೇಕು ಏಳೋ ಎಂದರೆ ಅವನು ಏಳಲಿಲ್ಲ. ಪಕ್ಕಕ್ಕೆ ಸರಿದ. ನಾನು ಗಾದಿ ಎಳೆದುಕೊಂಡೆ. ಅವನು ಬರೀ ಕಬ್ಬಿಣದ ಮಂಚದ ಮೇಲೆ, ಗೋಡೆಗೆ ಮುಖ ಮಾಡಿ, ಮೊದಲು ಹೇಗಿದ್ದನೋ ಹಾಗೆಯೇ ಮುದುಡಿಕೊಂಡ. ಸೋಮಾರಿ ಎಂದು ಬೈದು, ಗಾದಿ ಹೊತ್ತುಕೊಂಡು ಇಳಿದೆ.

ಸಾಹೇಬರು ಅದನ್ನು ಬಿಚ್ಚಿ ಕೈಯಾಡಿಸಿ ನೋಡಿದರು. ನಡುವೆ ಒಂದೇ ಒಂದು ಗುಂಡಿ, ಅಲ್ಲಿ ಹತ್ತಿ ಹಲಗೆಯಂತಾಗಿತ್ತು. ಸುತ್ತಲೂ ಕಳೆದ ವರ್ಷ ತಾವು ತುಂಬಿದಂತೆಯೇ ಉಬ್ಬಿಕೊಂಡಿತ್ತು. ಉಳಿದವರು ಊಟಕ್ಕೆ ಹೋಗುವವರೆಗೆ ಕಾದು, ನನ್ನನ್ನು ಹತ್ತಿರ ಕರೆದರು.

"ತಮ್ಮಾ, ಸಾಯೋ ವಿಚಾರ ಏನಾರ ಐತೇನು?"

ನನಗೆ ನಗು ಬಂತು. ಆಮೇಲೆ ಸಿಟ್ಟು. "ಏನ್ ಮಾತಾಡ್ತೀರಿ ಸಾಹೇಬ್ರೇ?"

"ನಿದ್ದಿ ಮಾಡೋನು ಹೊಳ್ಳಾಡ್ತಾನ, ಮಗ್ಗಲು ಬದಲಿಸ್ತಾನ. ಈ ಗಾದಿ ಮ್ಯಾಲೆ ಮಲಗ್ದೋನು ಹೊಳ್ಳಾಡೇ ಇಲ್ಲ. ಹಗಲೂ ಇಲ್ಲೇ ಅದಾನ. ಅದ್ಕೆ ಕೇಳ್ದೆ."

"ನಂದಲ್ಲ ಅದು. ನನ್ ರೂಮಿನೋನ್ದು."

ಹೇಳಿದ ಮೇಲೆ ನನಗೆ ಕೇಳಿಸಿತು, ನಾನು ಏನು ಹೇಳಿದೆನೆಂದು. ಸಾಹೇಬರು ಬಿಲ್ಲು ಕೆಳಗಿಟ್ಟರು.

"ನಿನ್ ಮಗ್ಗಲಾಗೆ ಮಲಗ್ತಾನ. ನಂಗೆ ಹತ್ತಿ ನೋಡಿ ಗೊತ್ತಾಗ್ಬೇಕಾತ?"

ಮೇಲೆ ಬಂದು ರುದ್ರೇಶನ ಮಂಚದ ಅಂಚಿಗೆ ಕೂತರು. ಧೈರ್ಯ ಹೇಳಲಿಲ್ಲ, ತಂದೆತಾಯಿಯ ಹೆಸರೆತ್ತಲಿಲ್ಲ. ಅದೇ ಪ್ರಶ್ನೆ, ಅದೇ ದನಿ. ಇಂಥ ಮಾತು ಕೇಳಿದರೆ ಇಲ್ಲದ ಯೋಚನೆಯೂ ಬಂದೀತೆಂದು ನಾನು ಬಾಗಿಲಲ್ಲೇ ಹೆದರಿ ನಿಂತಿದ್ದೆ.

ರುದ್ರೇಶ ಗೋಡೆಯ ಕಡೆಯಿಂದಲೇ, "ಐತೆ" ಎಂದ. ಮನೆಯಲ್ಲಿ ಉಪ್ಪು ಐತಾ ಎಂದರೆ ಹೇಳುವ ಹಾಗೆ.

"ಯಾವಾಗಿಂದ?"

"ಉಗಾದಿಯಿಂದ."

"ಇವತ್ತೂ ಐತಾ?"

ಆಗ ಅವನು ತಿರುಗಿದ. ಅಳುತ್ತಿದ್ದ. "ಯಾರೂ ಕೇಳ್ಲೇ ಇಲ್ಲ ಸಾಹೇಬ್ರೇ."

"ನಾ ಹತ್ತಿ ಹಿಂಜೋನು. ಇದು ನಂಗೆ ಬರಲ್ಲ. ಬರೋರ ಹತ್ರ ಹೋಗಾನು. ನಾನೂ ಬರ್ತೀನಿ, ಇವ್ನೂ ಬರ್ತಾನ."

"ಮಧ್ಯಾಹ್ನ ಲ್ಯಾಬ್ ಐತೆ" ಎಂದೆ ನಾನು. ಹೌದು, ಅದನ್ನೇ ಎಂದೆ.

"ಲ್ಯಾಬ್ ನಾಳೆನೂ ಇರ್ತೈತೆ" ಎಂದರು ಸಾಹೇಬರು. ಚಪ್ಪಲಿ ಹುಡುಕಿ ರುದ್ರೇಶನ ಕಾಲ ಬಳಿ ಇಟ್ಟರು.

ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಿಗಾಗಿ ಕಾದೆವು. ರುದ್ರೇಶ ಒಳಗೆ ಹೋದಾಗ ಬೆಂಚಿನ ಮೇಲೆ ಸಾಹೇಬರು ಹೇಳಿದರು: ಕೆಲವು ವರ್ಷಗಳ ಹಿಂದೆ, ಬೇರೊಂದು ಊರಿನ ಹಾಸ್ಟೆಲಿನಲ್ಲಿ, ಇಂಥದೇ ಗಾದಿ ಕಂಡಿದ್ದರು. ದೊಡ್ಡ ಓದು ಓದುವ ಹುಡುಗನನ್ನು ತಾವೇನು ಕೇಳುವುದೆಂದು ಹಿಂಜಿ, ಹೊಲಿದು, ಕೊಟ್ಟು ಬಂದರು. ವಾರದೊಳಗೆ ಸುದ್ದಿ ಬಂತು.

"ಕೇಳಿದ್ರೆ ಉಳೀತಿದ್ನೋ ಏನೋ, ಖುದಾಗೆ ಗೊತ್ತು. ಕೇಳ್ಲಿಲ್ಲ, ಅದು ನಂಗೆ ಗೊತ್ತು."

ರುದ್ರೇಶ ಗಣಿತದಲ್ಲಿ ಫೇಲಾಗಿದ್ದಕ್ಕೆ ಹೀಗಾಯಿತು ಎಂದು ನಮ್ಮ ಹಾಸ್ಟೆಲ್ ತೀರ್ಮಾನಿಸಿತು. ಒಂದು ಕಾರಣ ಸಿಕ್ಕರೆ ನಮಗೆಲ್ಲ ನೆಮ್ಮದಿ. ಗಣಿತ ಪಾಸಾದ ಮೇಲೂ ಅವನಿಗೆ ಆ ದಿನಗಳು ಬಂದವು. ಅವನ ಅಕ್ಕ ಬಂದು ಎರಡು ತಿಂಗಳು ಊರಿಗೆ ಕರೆದೊಯ್ದಳು. ಗುಳಿಗೆ, ಮತ್ತೆ ಡಾಕ್ಟರು, ಒಂದು ವರ್ಷ ಹಾಳು. ಸಾಹೇಬರು ದಾವಣಗೆರೆಗೆ ಬಂದಾಗಲೆಲ್ಲ ಕೋಣೆಗೆ ಬಂದು ಹೋಗುತ್ತಿದ್ದರು. "ಗುಳಿಗಿ ಕೊಡೋದು ಡಾಕ್ಟ್ರ ಕೆಲ್ಸ, ಮಾತಾಡ್ಸೋದು ನಿಂದು" ಎಂದು ನನ್ನನ್ನು ಗದರಿಸುತ್ತಿದ್ದರು. ಓದು ಮುಗಿದ ಮೇಲೆ ಆ ಕೆಲಸ ನಿಧಾನವಾಗಿ ನನ್ನ ಕೈಬಿಟ್ಟಿತು. ಒಂದೇ ಊರಿನಲ್ಲಿದ್ದೂ ನಾವು ಸಿಕ್ಕರೆ ಕ್ರಿಕೆಟ್ ಮಾತಾಡುತ್ತಿದ್ದೆವು.

ಏಳೆಂಟು ವರ್ಷದ ನಂತರ, ಸಾಹೇಬರಿಗೆ ಎದೆ ನೋವೆಂದು ತಿಳಿದು ಇಬ್ಬರೂ ಹರಿಹರಕ್ಕೆ ಹೋದೆವು. ಕೆಮ್ಮುತ್ತ ಎದ್ದು ಕೂತರು. ರುದ್ರೇಶನ ಗುರುತು ಹತ್ತಲಿಲ್ಲ. ನಾನು ಎಲ್ಲ ನೆನಪಿಸಿದೆ. "ಎಷ್ಟೋ ಗಾದಿ, ಎಷ್ಟೋ ಹುಡುಗ್ರು" ಎಂದರು. ನನಗೆ ಪೆಚ್ಚೆನಿಸಿತು. ಅವರು ಮಾತ್ರ ನನ್ನನ್ನು ಬಿಟ್ಟು ಅವನನ್ನೇ ನೋಡುತ್ತ, "ಈಗ ಹೆಂಗೈತೆ?" ಎಂದರು.

"ಬರ್ತೈತೆ, ಹೋಗ್ತೈತೆ. ಬಂದಾಗ ಇವಂಗೆ ಹೇಳ್ತೀನಿ" ಎಂದ ರುದ್ರೇಶ.

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಅವನು ನನಗೆ ಒಮ್ಮೆಯೂ ಹೇಳಿರಲಿಲ್ಲ.

ಅದೇ ಕೊನೆಯ ಭೇಟಿ. ಅವರು ತೀರಿಕೊಂಡದ್ದು ನಮಗೆ ತಿಳಿದದ್ದೂ ತಿಂಗಳ ಮೇಲೆ.

ಅಂದು ಹರಿಹರದಿಂದ ಮರಳುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಊರು ಹತ್ತಿರವಾದಾಗ ಅವನೇ, ಮುಂದಿನ ಸೀಟಿನ ಸರಳು ಹಿಡಿದುಕೊಂಡು, "ಹೋದ ತಿಂಗ್ಳು ಬಂದಿತ್ತಲೇ" ಎಂದ.

"ಹೇಳು" ಎಂದೆ.

ನಾವಿಳಿಯುವ ಸ್ಟಾಪು ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ಇಬ್ಬರೂ ಇಳಿಯಲಿಲ್ಲ.