ಹದಿನೇಳನೇ ಗುಹೆ

ನಮ್ಮ ಬೀದಿಯ ನಿವೃತ್ತ ಸರ್ವೇಯರ್ ಸಾಹೇಬರನ್ನು "ವಿಡಿಯೋ ಗೇಮ್ ಆಡ್ತಿದ್ದೀರಾ?" ಎಂದು ಕೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ, "ಡ್ಯೂಟೀಲಿದ್ದೀನಿ" ಎನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಟಿವಿ ಮುಂದೆ ಕೂತರೆಂದರೆ ಕಡಲ್ಗಳ್ಳರ ರಾಣಿಯ ನಿಧಿ ಹುಡುಕುವ ಕೆಲಸ ಶುರು. ಬೇರೆಯವರು ನಾಲ್ಕು ದಿನದಲ್ಲಿ ಮುಗಿಸುವ ಆಟ ಇವರಿಗೆ ಮೂರನೇ ವರ್ಷ. ಆಟದವರು ಕೊಟ್ಟ ನಕ್ಷೆಯನ್ನು ಇವರು ನಂಬುವವರಲ್ಲ. "ಸ್ಥಳಕ್ಕೇ ಹೋಗದೆ ಕೂತಲ್ಲೇ ಬರೆದಿದ್ದಾರೆ!" ಎಂದು ಹಲ್ಲು ಕಡಿದು, ದ್ವೀಪವನ್ನೆಲ್ಲ ಹೆಜ್ಜೆ ಎಣಿಸಿ ಅಳೆದು, ಹಾಳೆಯ ಮೇಲೆ ಹೊಸ ನಕ್ಷೆ ಬರೆಯುತ್ತಾರೆ. ಕತ್ತಿ ಹಿರಿದು ಮೇಲೆ ಬಿದ್ದ ಕಳ್ಳನಿಗೂ "ತಡಿಯಪ್ಪ, ಲೆಕ್ಕ ತಪ್ಪುತ್ತೆ" ಎನ್ನುತ್ತಾರೆ. ಸತ್ತರೆ ಮತ್ತೆ ಒಂದರಿಂದ ಎಣಿಸುತ್ತಾರೆ. ಸರ್ವಿಸ್‌ನಲ್ಲಿ ಒಂದೇ ಒಂದು ಕಡತ ಬಾಕಿ ಉಳಿಸಲಿಲ್ಲವೆಂಬುದು ಅವರ ಹೆಮ್ಮೆ. ಅದಕ್ಕಾಗಿ ಊರೂರು ಅಲೆದವರು ಮನೆಯಲ್ಲಿದ್ದದ್ದು ಬೆರಳೆಣಿಕೆಯ ದಿನ. ಈಗ ಹೆಂಡತಿ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತ ಕೇಳುತ್ತಾರೆ: "ಇವತ್ತು ಯಾವ ಕಡೆ ಹೋಗೋಣ ರೀ?" ಹದಿನೇಳನೇ ಗುಹೆಯಲ್ಲಿ ನಿಧಿಯ ಪೆಟ್ಟಿಗೆ ಫಳಫಳ ಹೊಳೆಯುವುದನ್ನು ಸಾಹೇಬರು ಕಂಡು ವರ್ಷವಾಯಿತು. ನಕ್ಷೆಯಲ್ಲಿ ಆ ಗುಹೆಯ ಮುಂದೆ ಮಾತ್ರ, ಮುತ್ತಿನಂಥ ಅಕ್ಷರದಲ್ಲಿ, 'ಅಳತೆ ಬಾಕಿ' ಎಂದು ಬರೆದಿಟ್ಟಿದ್ದಾರೆ.