ಲೊಡಲೊಡ ಅನ್ನದ ಕಂಪ್ಯೂಟರ್

ಗೆಳೆಯರೇ, ಕಡೂರಿನ ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ ಇವತ್ತು ಮೊಟ್ಟಮೊದಲ ಕಂಪ್ಯೂಟರ್ ಬಂತು. ತಂದ ಇಂಜಿನಿಯರ್ ಕೂಡಲೇ ಪಾಠ ಶುರು ಮಾಡಿದ. "ಹಸಿರು ದೀಪ ಅಂದ್ರೆ ಕರೆಂಟ್ ಇದೆ. ಕೆಂಪು ದೀಪ ಮಿಣುಕಿದ್ರೆ ಒಳಗೆ ಡಿಸ್ಕ್ ಓಡ್ತಿದೆ. ಹಿಂದೆ ಈ ಅಗಲದ ಪೋರ್ಟು ಪ್ರಿಂಟರಿಗೆ, ದುಂಡನೇದು ಕೀಬೋರ್ಡಿಗೆ."

ನಮ್ಮ ಅಧ್ಯಕ್ಷ ರುದ್ರಪ್ಪನವರು ಹಳೇ ಕೊಬ್ಬರಿ ವ್ಯಾಪಾರಿ. ದೀಪವನ್ನೂ ನೋಡಲಿಲ್ಲ, ಪೋರ್ಟನ್ನೂ ನೋಡಲಿಲ್ಲ. ಕಂಪ್ಯೂಟರ್ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಲೊಡಲೊಡ ಎಂದಿತು.

"ಭೇಷ್! ಚೆನ್ನಾಗಿ ಒಣಗೈತೆ ಕಣಪ್ಪಾ."

ಅಟ್ಟದ ಮೇಲಿನ ತೆಂಗಿನಕಾಯಿ ಹಾಗೆ ಸದ್ದು ಮಾಡಿದರೆ ಒಳಗೆ ಕೊಬ್ಬರಿ ಆಗಿದೆ ಎಂದೇ ಲೆಕ್ಕ. ಇಂಜಿನಿಯರ್ ಮುಖ ಮಾತ್ರ ಬಿಳಿಚಿಕೊಂಡಿತು.

"ಸಾರ್, ಅದು ಕಳಚಿಕೊಂಡ ಸ್ಕ್ರೂ! ಬೋರ್ಡಿಗೆ ತಗುಲಿದ್ರೆ ಸುಟ್ಟೇ ಹೋಗುತ್ತೆ!"

ಮುಚ್ಚಳ ಬಿಚ್ಚಿ, ಸ್ಕ್ರೂ ಹುಡುಕಿ, ಅದರ ಜಾಗದಲ್ಲಿ ಬಿಗಿ ಮಾಡಿ, ಮುಚ್ಚಳ ಹಾಕಿ, ರಶೀದಿ ಮುಂದಿಟ್ಟ. ಅಧ್ಯಕ್ಷರು ಮತ್ತೊಮ್ಮೆ ಅಲ್ಲಾಡಿಸಿದರು. ಸದ್ದೇ ಇಲ್ಲ.

"ಒಳ್ಳೇ ಮಾಲನ್ನ ಹಸಿ ಮಾಡ್ಬಿಟ್ಟೆಯಲ್ಲಪ್ಪಾ! ನಾನು ರುಜು ಹಾಕಲ್ಲ."

ಇಂಜಿನಿಯರ್ ಬೀರೂರಿನಲ್ಲಿ ರೈಲು ಹಿಡಿಯಬೇಕಿತ್ತು. ಗಡಿಯಾರ ನೋಡಿಕೊಂಡ. ಅಧ್ಯಕ್ಷರು ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಅವರ ತಟ್ಟೆಯಿಂದಲೇ ಒಂದು ಅಡಿಕೆ ಎತ್ತಿ, ಮುಚ್ಚಳ ಮತ್ತೆ ಬಿಚ್ಚಿ, ಡಬ್ಬದೊಳಗಿನ ಖಾಲಿ ಮೂಲೆಗೆ ಹಾಕಿ ಮುಚ್ಚಳ ಮುಚ್ಚಿದ.

ಅಧ್ಯಕ್ಷರು ಅಲ್ಲಾಡಿಸಿದರು. ಲೊಡಲೊಡ. ರುಜು ಬಿತ್ತು.

ಇಂಜಿನಿಯರ್ ಹೊರಟೇ ಹೋದ. ಮುಂದೆ ರಿಪೇರಿಗೆ ಬರುವವನಿಗೆ ಅಡಿಕೆ ಯಾವ ಪಾರ್ಟು ಎಂದು ವಿವರಿಸಬೇಕಾದವನು ಸಂಘದ ಗುಮಾಸ್ತ, ಅಂದರೆ ನಾನು.