ಒಂದು ತೋಟೆ ಕಡಿಮೆ

ಬಜಗೋಳಿಯಲ್ಲಿ ಅಪೊಲೋನಿಯಾ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಿದ್ದರು. ತೋಟೆ ಬಾಯಮ್ಮ ಎಂದು ಕೇಳಬೇಕು, ಆಗ ಬಸ್ಸಿನ ಕಂಡಕ್ಟರೂ ಮನೆ ತೋರಿಸುತ್ತಿದ್ದ. ತೋಟೆ ಎಂದರೆ ಕೋವಿಗೆ ತುಂಬುವ ಮದ್ದುಗುಂಡಿನ ಕೊಳವೆ. ಗದ್ದೆಗೆ ನುಗ್ಗುವ ಕಾಡುಹಂದಿಯನ್ನು ಓಡಿಸಲೆಂದು ಗಂಡ ವಲೇರಿಯನ್ನನಿಗೆ ಕೋವಿಯ ಲೈಸೆನ್ಸ್ ಸಿಕ್ಕಿತ್ತು. ಆದರೆ ಹೆಂಡತಿಯ ಅಪ್ಪಣೆ ಇಲ್ಲದೆ ಆ ಕೋವಿ ಕೆಮ್ಮುವ ಹಾಗಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಶಿರ್ವದಿಂದ ಮದುಮಗಳಾಗಿ ಬಂದ ಮೂರನೇ ದಿನ ಆಕೆ ಕಂಡದ್ದೇನು ಗೊತ್ತೇ? ಒಲೆಯ ಮೇಲಿನ ಹಲಗೆಯಲ್ಲಿ, ಒಣಮೀನಿನ ಬುಟ್ಟಿಯ ಪಕ್ಕ, ಏಳು ತೋಟೆ! ಮಳೆಗಾಲದ ಥಂಡಿ ಹಿಡಿಯಬಾರದೆಂದು ಅತ್ತೆಯೇ ಇಟ್ಟದ್ದಂತೆ.

"ಇದೆಂತ, ಸಂಸಾರ ಮಾಡುವ ಮನೆಯಾ, ಗರ್ನಾಲು ಪಟಾಕಿ ಕಟ್ಟುವ ಅಂಗಡಿಯಾ?" ಎಂದು ಹೊಸ ಸೊಸೆ ಕೂಗಿದ್ದು ಪಕ್ಕದ ಮನೆಯವರೆಗೂ ಕೇಳಿತ್ತು.

ಅಂದಿನಿಂದ ಕಾನೂನು ಬದಲಾಯಿತು. ಕೋವಿ ಚಾವಡಿಯ ಮರದ ಪೆಟ್ಟಿಗೆಯಲ್ಲಿ, ಅದರ ಬೀಗದ ಕೈ ಗಂಡನಲ್ಲಿ. ತೋಟೆ ಒಳಕೋಣೆಯ ಕಪಾಟಿನಲ್ಲಿ, ಬಿಸ್ಕೆಟಿನ ಡಬ್ಬಿಯೊಳಗೆ, ಥಂಡಿ ಹೀರಲು ಹುರಿದ ಅಕ್ಕಿಯ ಗಂಟಿನ ಜೊತೆ. ಅದರ ಬೀಗದ ಕೈ ಆಕೆಯ ಕೊರಳಲ್ಲಿ, ಶಿಲುಬೆಯ ಪಕ್ಕದಲ್ಲಿ. ಮೂರು ತೋಟೆ ಕೊಂಡುಹೋದರೆ ಮೂರನ್ನೂ ತಂದೊಪ್ಪಿಸಬೇಕು, ಸುಟ್ಟದ್ದಾದರೆ ಖಾಲಿ ಕೊಳವೆಯನ್ನಾದರೂ. ಶನಿವಾರ ಸಂಜೆ ಜಪಸರ ಮುಗಿದ ಮೇಲೆ ಡಬ್ಬಿ ತೆರೆದು ಎಣಿಸಿ, "ಸರಿ ಉಂಟು" ಎಂದು ಗಟ್ಟಿಯಾಗಿ ಹೇಳಿಯೇ ಊಟಕ್ಕೆ ಏಳುವುದು. ಇವಳ ಕೈಯಿಂದ ತೋಟೆ ಬಿಡಿಸಿಕೊಳ್ಳುವುದಕ್ಕಿಂತ ಕಲೆಕ್ಟರರಿಂದ ಲೈಸೆನ್ಸ್ ಪಡೆಯುವುದು ಸಲೀಸು ಎಂದು ವಲೇರಿಯನ್ ನಗೆಯಾಡುತ್ತಿದ್ದ. ಆಕೆಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯೇ ಆಕೆಯನ್ನು ತಿಂದಿತು.

ಎಪ್ಪತ್ತೊಂಬತ್ತರ ನವೆಂಬರಿನಲ್ಲಿ, ಪೈರು ಕೊಯ್ಲಿಗೆ ಬಂದಿದ್ದಾಗ, ವಲೇರಿಯನ್ ಮೂರು ತೋಟೆ ಕೊಂಡುಹೋದವನು ಎರಡು ಖಾಲಿ ಕೊಳವೆ ಹಿಡಿದು ಬಂದ. ಮೂರನೆಯದು ಹಂದಿಯ ಹಿಂದೆ ಗುಡ್ಡೆ ಹತ್ತುವಾಗ ಅಂಗಿಯ ಕಿಸೆಯಿಂದ ಎಲ್ಲಿಯೋ ಬಿದ್ದುಹೋಗಿತ್ತು.

"ಯಾರಿಗೂ ಹೇಳಬೇಡ ಮಾರಾಯ್ತಿ," ಎಂದ. "ಇಲೆಕ್ಷನಿಗೆಂದು ಕೋವಿ ಪೊಲೀಸ್ ಸ್ಟೇಷನ್ನಿನಲ್ಲಿ ಇಡಬೇಕು. ತೋಟೆ ಕಳೆದ ಸುದ್ದಿ ಅಲ್ಲಿಗೆ ಮುಟ್ಟಿದರೆ ಮತ್ತೆ ವಾಪಸು ಸಿಗಲಿಕ್ಕುಂಟಾ?"

ಅಪೊಲೋನಿಯಾ ಬಾಯಿ ಮುಚ್ಚಿದಳು. ಲೈಸೆನ್ಸಿನ ಹೆದರಿಕೆಗಿಂತ ತನ್ನ ಹೆಸರಿನ ಹೆದರಿಕೆಯೇ ಅವಳಿಗೆ ದೊಡ್ಡದು. ತೋಟೆ ಬಾಯಮ್ಮನ ತೋಟೆಯೇ ಕಳೆದುಹೋಯಿತೆಂದರೆ ಊರು ನಗದೇ ಬಿಟ್ಟೀತೇ? ಮೂರು ದಿನ ಒಬ್ಬಳೇ ಗುಡ್ಡೆಯಲ್ಲಿ ಬಗ್ಗಿ ಬಗ್ಗಿ ಹುಡುಕಿದಳು.

ಅಲ್ಲಿ ತರಗೆಲೆ ಗುಡಿಸುತ್ತಿದ್ದ ರತ್ನಾವತಿ ಕೇಳಿದಳು, "ಎಂತ ಹುಡುಕುವುದು ಬಾಯಮ್ಮ? ಹೇಳಿದರೆ ನಾನೂ ನೋಡುತ್ತಿದ್ದೆ, ಅಲ್ವಾ?" ಆ ಮನೆಯ ಗದ್ದೆಯಲ್ಲಿ ಹತ್ತು ವರ್ಷ ದುಡಿದವಳು ಅವಳು. ಇಬ್ಬರೂ ಒಂದೇ ಪ್ರಾಯದವರು, ಒಂದೇ ತಟ್ಟೆಯಿಂದ ಎಲೆಯಡಿಕೆ ತಿನ್ನುವವರು.

"ಎಂತದೂ ಇಲ್ಲ ರತ್ನಾ. ಕಪಾಟಿನ ಬೀಗದ ಕೈ," ಎಂದುಬಿಟ್ಟಳು ಅಪೊಲೋನಿಯಾ.

ಆ ಶನಿವಾರವೂ ಡಬ್ಬಿ ಎಣಿಸಿ "ಸರಿ ಉಂಟು" ಎಂದಳು. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಸುಳ್ಳು.

ನಮ್ಮ ಕಡೆ ಸುಡುಮಣ್ಣು ಮಾಡುತ್ತಾರಲ್ಲ, ತರಗೆಲೆ, ಕಸಕಡ್ಡಿ ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ, ದಿನಗಟ್ಟಲೆ ಉರಿಸಿ ಗೊಬ್ಬರ ಮಾಡುವುದು. ಫೆಬ್ರವರಿಯಲ್ಲಿ ರತ್ನಾವತಿ ಗುಡ್ಡೆಯ ತರಗೆಲೆಯದ್ದೇ ರಾಶಿ ಹಾಕಿ ಬೆಂಕಿ ಕೊಟ್ಟಳು. ಬೆಂಕಿ ಮಂಕಾಯಿತೆಂದು ಬಗ್ಗಿ ಊದುತ್ತಿದ್ದಾಗ ರಾಶಿಯೊಳಗೆ ಢಮಾರೆಂದಿತು. ಮಣಿಪಾಲದ ಆಸ್ಪತ್ರೆಗೆ ಜೀಪಿನಲ್ಲಿ ಕೊಂಡುಹೋದರು. ಜೀವ ಉಳಿಯಿತು, ಬಲಗಣ್ಣು ಹೋಯಿತು.

ರಾಶಿಯಲ್ಲಿ ಬಿದಿರಿನ ಗಂಟು ಒಡೆದದ್ದೆಂದು ಊರೇ ನಂಬಿತು. ಅಪೊಲೋನಿಯಾ ಮಾತ್ರ ತಣ್ಣಗಾದ ಬೂದಿಯನ್ನು ಕೈಯಲ್ಲೇ ಕೆದಕಿದಳು. ತೋಟೆಯ ಹಿತ್ತಾಳೆಯ ಬುಡ ಸಿಕ್ಕಿತು, ಕಪ್ಪಾಗಿ, ಎಂಟಾಣೆಯಷ್ಟು. ಅಲ್ಲಿಯೇ ಕುಕ್ಕರಿಸಿ, ಅಯ್ಯೋ ದೇವರೇ, ನನ್ನ ಕಣ್ಣನ್ನಾದರೂ ತೆಗೆಯಬಾರದಿತ್ತಾ ಎಂದು ಅತ್ತಳು. ಎದ್ದು ಹೋಗಿ ಹೇಳಿದಳೇ? ಇಲ್ಲ. ಅದನ್ನೂ ಡಬ್ಬಿಗೆ ಹಾಕಿ ಬೀಗ ಹಾಕಿದಳು.

ಆಮೇಲೆ ಏಳು ವರ್ಷ ರತ್ನಾವತಿಗೆ ಆ ಮನೆಯಲ್ಲಿ ಯಾವುದಕ್ಕೂ ಕಡಿಮೆಯಾಗಲಿಲ್ಲ. ಹಬ್ಬಕ್ಕೆ ಸೀರೆ, ಮಗಳ ಮದುವೆಗೆ ಅಕ್ಕಿ, ಒಳ್ಳೆಯ ಮೀನು ಬಂದರೆ ಮೊದಲ ತುಂಡು ಅವಳಿಗೆ. ಎಂಥ ದೊಡ್ಡ ಮನಸ್ಸಿನ ಬಾಯಮ್ಮ ಎಂದು ಊರು ಹೊಗಳಿದಾಗಲೆಲ್ಲ ಅಪೊಲೋನಿಯಾ ಏನೋ ಕೆಲಸದ ನೆಪ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಎಂಬತ್ತೇಳರಲ್ಲಿ ವಲೇರಿಯನ್ ತೀರಿಕೊಂಡ. ಲೈಸೆನ್ಸ್ ಅವನ ಹೆಸರಿನದ್ದು, ಕೋವಿ, ತೋಟೆ ಎರಡನ್ನೂ ಸ್ಟೇಷನ್ನಿಗೆ ಒಪ್ಪಿಸಬೇಕಿತ್ತು. ಒಪ್ಪಿಸುವ ದಿನ ಬೆಳಿಗ್ಗೆ ಅಪೊಲೋನಿಯಾ ರತ್ನಾವತಿಯನ್ನು ಒಳಕೋಣೆಗೆ ಕರೆದು, ಡಬ್ಬಿ ತೆರೆದು, ಆ ಹಿತ್ತಾಳೆಯ ಬುಡವನ್ನು ಅವಳ ಅಂಗೈಯಲ್ಲಿಟ್ಟಳು.

"ರತ್ನಾ, ಅದು ಬಿದಿರಲ್ಲ. ನಮ್ಮ ತೋಟೆ. ನಾನು ಅವತ್ತು ಹುಡುಕಿದ್ದು ಬೀಗದ ಕೈಯನ್ನಲ್ಲ."

ರತ್ನಾವತಿ ಅದನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಬೀಗದ ಕೈಯಲ್ಲ ಅಂತ ಅವತ್ತೇ ಗೊತ್ತಿತ್ತು ಬಾಯಮ್ಮ," ಎಂದಳು. "ಅದು ನಿಮ್ಮ ಕೊರಳಲ್ಲೇ ಇತ್ತಲ್ಲ. ನೀವು ಬಗ್ಗಿದಾಗಲೆಲ್ಲ ನೇತಾಡುತ್ತಿತ್ತು. ದೊಡ್ಡವರ ಮನೆಯ ಗುಟ್ಟು, ನಮಗೆಂತಕ್ಕೆ ಅಂತ ಸುಮ್ಮನಾದೆ."

ಅಪೊಲೋನಿಯಾ ಅವಳ ಕೈ ಹಿಡಿಯಲು ಹೋದಳು. ರತ್ನಾವತಿ ಕೈ ಹಿಂದೆಗೆದುಕೊಂಡಳು.

"ತೋಟೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಗುಡ್ಡೆಯ ಎಲೆಯನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದೆ. ಆಗ ನನಗೆ ಎರಡು ಕಣ್ಣಿತ್ತು."

ಹಿತ್ತಾಳೆಯ ಬುಡವನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಸ್ಟೇಷನ್ನಿನಲ್ಲಿ ತೋಟೆ ಎಣಿಸಿದ ಪೇದೆ, "ಎಲ್ಲ ಸರಿ ಉಂಟಲ್ವಾ ಅಮ್ಮ?" ಎಂದು ಕೇಳಿದ.

"ಇಲ್ಲ," ಎಂದಳು ಅಪೊಲೋನಿಯಾ. "ಒಂದು ಕಡಿಮೆ ಉಂಟು."